ಕಣ್ಣು ಕೊಟ್ಟವರ ನಾಡಲ್ಲಿ ಕತ್ತಲ ಟಾಕೀಸು

ಕಾಣದವರು, ಕೇಳದವರು ಎಂದರೆ ಕನ್ನಡ ಚಿತ್ರರಂಗಕ್ಕೆ ಬಲು ಪ್ರೀತಿ, ಪರದೆಯ ಮೇಲಿದ್ದರೆ ಮಾತ್ರ. ‘ಬೇಡರ ಕಣ್ಣಪ್ಪ’ನಾಗಿ ಶಿವನಿಗೆ ಕಣ್ಣು ಕಿತ್ತುಕೊಟ್ಟೇ ರಾಜ್‌ಕುಮಾರ್ 1954ರಲ್ಲಿ ನಾಯಕರಾದರು. 1964ರ ‘ನಾಂದಿ’ ಕಿವಿ ಕೇಳದ ಹೆಣ್ಣಿನ ಸಂಸಾರದ ಕಥೆ ಹೇಳಿ ಮೆಚ್ಚುಗೆ ಗಳಿಸಿತು. 2006ರಲ್ಲಿ ಅಣ್ಣಾವ್ರ ಕಣ್ಣುಗಳು, 2021ರಲ್ಲಿ ಅವರ ಮಗ ಅಪ್ಪು ಕಣ್ಣುಗಳು ದಾನವಾದವು. ಅಭಿಮಾನಿಗಳು ತಾವೂ ನೇತ್ರದಾನಕ್ಕೆ ಹೆಸರು ಬರೆಸಿದರು. ಒಳ್ಳೆಯದೇ. ಆದರೆ ಯಾರ ಕಾರ್ನಿಯಾ ಹಾಕಿದರೂ ದೃಷ್ಟಿ ಬಾರದವರಿದ್ದಾರಲ್ಲ, ಅವರು ನಿಮ್ಮಷ್ಟೇ ದುಡ್ಡು ಕೊಟ್ಟು ಟಿಕೆಟ್ ಕೊಂಡರೆ ಸಿಗುವುದೇನು?

ಹೀರೊ ಎಂಟ್ರಿ. ಶಿಳ್ಳೆ, ತಮಟೆ, ಕಿವಿಗಡಚಿಕ್ಕುವ ಬಿಜಿಎಂ. ‘ಏನಾಯ್ತೋ?’ ಎಂದು ತಮ್ಮನ ತೋಳು ಜಗ್ಗಿ ಕೇಳಿದರೆ ಹಿಂದಿನ ಸೀಟಿನವನು ‘ಶ್‌’ ಅನ್ನುತ್ತಾನೆ.

ಇದಕ್ಕೆ ಮದ್ದಿಲ್ಲವೇ? ಇದೆ. ಎರಡು ಮಾತುಗಳ ನಡುವಿನ ಬಿಡುವಿನಲ್ಲಿ ದೃಶ್ಯವನ್ನು ಬಣ್ಣಿಸುವ ದನಿಯೊಂದನ್ನು ಮೊದಲೇ ಧ್ವನಿಮುದ್ರಿಸಿಡಬಹುದು. ಮೊಬೈಲಿನ ಆ್ಯಪ್ ಹಾಲಿನ ಸದ್ದು ಕೇಳಿಸಿಕೊಂಡು, ಸಿನಿಮಾ ಎಲ್ಲಿಗೆ ಬಂದಿದೆಯೆಂದು ಗುರುತಿಸಿ, ಆ ದನಿಯನ್ನು ಇಯರ್‌ಫೋನಿಗೆ ಬಿಡುತ್ತದೆ. ಪಕ್ಕದವನಿಗೆ ಪಿಟ್ಟೂ ಕೇಳಿಸದು.

ಕಿವಿ ಕೇಳದವರ ಪಾಡು ಇನ್ನೊಂದು ಬಗೆಯದು. ಮಲ್ಟಿಪ್ಲೆಕ್ಸಿನಲ್ಲಿ ಕನ್ನಡ ಚಿತ್ರಕ್ಕೆ ಇಂಗ್ಲಿಷ್ ಸಬ್‌ಟೈಟಲ್! ಕನ್ನಡದಲ್ಲೇ ಅಕ್ಷರ ಕಲಿತ ಹುಡುಗಿ ಅದನ್ನಿಟ್ಟುಕೊಂಡು ಏನು ಮಾಡಬೇಕು? ಬಾಗಿಲು ಬಡಿದದ್ದು, ಬೆನ್ನ ಹಿಂದೆ ಗುಂಡು ಹಾರಿದ್ದು ಅದರಲ್ಲೂ ಇರುವುದಿಲ್ಲ. ಪರದೆಯಲ್ಲಿ ಕನ್ನಡ ಅಕ್ಷರ ಮೂಡಿದರೆ ದೃಶ್ಯ ಕೆಡುತ್ತದಂತೆ. ಹೀರೊ ಸಿಗರೇಟು ಹಚ್ಚಿದಾಗಲೆಲ್ಲ ಮೂಲೆಯಲ್ಲಿ ಎಚ್ಚರಿಕೆಯ ಸಾಲು ಮೂಡುತ್ತದಲ್ಲ ಸ್ವಾಮಿ, ಆಗ ಕೆಡಲಿಲ್ಲವೇ?

ಈ ದನಿ, ಅಕ್ಷರ ಎರಡೂ ಸಿಗುವಂತೆ ಕ್ರಮ ಕೈಗೊಳ್ಳುವುದು ಸರ್ಕಾರದ ಹೊಣೆಯೆಂದೇ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 42ನೇ ಕಲಮು ಹೇಳುತ್ತದೆ. ಆದರೂ ‘ಪಠಾಣ್’ ಒಟಿಟಿಗೆ ಬರುವಾಗ ದೃಶ್ಯ ವಿವರಣೆ, ಅಕ್ಷರಸಾಲು ಇರಲೇಬೇಕೆಂದು 2023ರಲ್ಲಿ ದೆಹಲಿ ಹೈಕೋರ್ಟೇ ಹೇಳಬೇಕಾಯಿತು. 2024ರ ಮಾರ್ಚಿನಲ್ಲಿ ಕೇಂದ್ರದ ಮಾರ್ಗಸೂಚಿ ಬಂತು: ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಸೆನ್ಸಾರ್ ಆಗುವ ಚಿತ್ರಗಳಿಗೆ ಇವೆರಡನ್ನೂ ಒದಗಿಸಲು ಆರೇ ತಿಂಗಳ ಗಡುವು. ಅಂದರೆ ನಮ್ಮ ಪ್ಯಾನ್ ಇಂಡಿಯಾ ಶೂರರೇ ಮೊದಲು ಉತ್ತರಿಸಬೇಕಾದವರು.

ಖರ್ಚಿನ ಮಾತೆತ್ತಬೇಡಿ. ಐದು ಭಾಷೆಯ ಡಬ್ಬಿಂಗಿಗೆ, ಮುಗಿಲೆತ್ತರದ ಕಟೌಟಿಗೆ ಹುಟ್ಟುವ ದುಡ್ಡು ಇದೊಂದಕ್ಕೆ ಬತ್ತುವುದೇಕೆ? ಮುಂದಿನ ಮುಹೂರ್ತಕ್ಕೆ ತೆಂಗಿನಕಾಯಿ ಒಡೆಯುವ ಮುನ್ನ ಬಜೆಟ್ಟಿನಲ್ಲಿ ಇದಕ್ಕೊಂದು ಸಾಲು ಬರೆಯಿರಿ. ಸೆನ್ಸಾರ್ ಮಂಡಳಿಯವರೇ, ದೃಶ್ಯ ವಿವರಣೆ, ಅಕ್ಷರಸಾಲುಗಳ ಫೈಲುಗಳಿಲ್ಲದೆ ಬಂದ ಚಿತ್ರವನ್ನು ವಾಪಸ್ ಕಳಿಸಿ.