ಬೈಲಕುಪ್ಪೆ ಮೊಮೊ ರುಚಿ, ಅಶೋಕಪುರದ ಬಾಡು ಮೈಲಿಗೆಯಾ?

ಭಾನುವಾರ ಬಂದ್ರೆ ಸಾಕು, ಮೈಸೂರಿನ ಕಾರುಗಳು ಹುಣಸೂರು ರೋಡು ಹಿಡಿದು ಬೈಲಕುಪ್ಪೆ ಕಡೆ ಹೊರಡ್ತವೆ. ಸುಮಾರು 80 ಕಿಲೋಮೀಟರ್ ದಾರಿ. ನಾಮ್‌ಡ್ರೋಲಿಂಗ್ ಮಠದ ಗೋಲ್ಡನ್ ಟೆಂಪಲ್‌ನಲ್ಲಿ ಮೂರು ದೊಡ್ಡ ಬಂಗಾರದ ಬಣ್ಣದ ಮೂರ್ತಿಗಳ ಮುಂದೆ ಫೋಟೋ, ಆಮೇಲೆ ಕ್ಯಾಂಪಿನ ಹೋಟೆಲಲ್ಲಿ ಮೊಮೊ, ತುಕ್ಪಾ. ಸಂಜೆಗೆ ಸ್ಟೇಟಸ್ಸು: 'ನಮ್ಮ ಪಕ್ಕದಲ್ಲೇ ಮಿನಿ ಟಿಬೆಟ್.'

ಹೋಗಿ, ತಿನ್ನಿ. ನಾನೂ ಹೋಗಿದೀನಿ, ತಿಂದಿದೀನಿ. ಚೀನಾದ ಆಕ್ರಮಣದಿಂದ ಮನೆಮಠ ಕಳ್ಕೊಂಡು ಬಂದ ಜನಕ್ಕೆ 1960ರ ದಶಕದ ಶುರುವಿನಲ್ಲಿ ಅಂದಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಕಾಡು ಕಡಿದು, ಮುಸುಕಿನ ಜೋಳ ಬೆಳೆದು, ಮಠ ಕಟ್ಟಿ ಅವರು ನಿಂತ್ಕೊಂಡ್ರು. ಅವರ ಮೇಲೆ ನನಗೆ ಗೌರವ ಇದೆ.

ನನ್ನ ಪ್ರಶ್ನೆ ಕಾರಲ್ಲಿ ಹೋಗೋರಿಗೆ.

ಮೊಮೊ ಮಾಡಿದ ಕೈ ಯಾವ ಜಾತಿದು ಅಂತ ಅಲ್ಲಿ ಯಾರೂ ಕೇಳಲ್ಲ. ಮಾಂಸ ಕಂಡ್ರೂ ಮೂಗು ಮುರಿಯಲ್ಲ, 'ಅದು ಅವರ ಕಲ್ಚರ್' ಅಂತಾರೆ. ಅಂಥವರಲ್ಲೇ ಕೆಲವರು ಆಫೀಸಲ್ಲಿ ನಾನು ಊಟದ ಡಬ್ಬಿ ತೆಗೆದ್ರೆ ಕುರ್ಚಿ ಸರಿಸ್ಕೊಂಡು ಕೂರ್ತಾರೆ. ದೂರದವರ ಬಾಡು ಸಂಸ್ಕೃತಿ, ಪಕ್ಕದ ಕೇರಿಯವರ ಬಾಡು ಮೈಲಿಗೆ!

2024ರ ಡಿಸೆಂಬರಿನ ಮಂಡ್ಯ ಸಾಹಿತ್ಯ ಸಮ್ಮೇಳನ ನೆನಪಿದೆಯಲ್ಲ? ನಿಷೇಧದ ಪಟ್ಟೀಲಿ ಮದ್ಯ, ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ಸೇರಿಸಿದ್ರು. ಬಾಡು ತಿನ್ನೋ ನೆಲದಲ್ಲೇ ಬಾಡೂಟಕ್ಕಾಗಿ ಹೋರಾಟ ಮಾಡಬೇಕಾಯ್ತು.

ಇನ್ನು 'ಮೈಸೂರಲ್ಲಿ ಏನೇನು ನೋಡಬೇಕು' ಅನ್ನೋ ಪಟ್ಟಿಗಳು. ಅರಮನೆ, ಚಾಮುಂಡಿ ಬೆಟ್ಟ, ದೇವರಾಜ ಮಾರುಕಟ್ಟೆ, ಮೈಸೂರು ಪಾಕ್. ಅದೇ ಅರಮನೆಯಿಂದ ಆಟೋ ಹತ್ತಿದ್ರೆ ಹತ್ತು ನಿಮಿಷಕ್ಕೆ ಸಿಗೋ ಅಶೋಕಪುರದ ಹೆಸರು ಅಲ್ಲಿ ಕಾಣೋದು ಅಪರೂಪ. 1973ರ ನವೆಂಬರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದಿದ್ದು ಇದೇ ಮೈಸೂರಲ್ಲಿ. ಅವರ ಮಂತ್ರಿಗಿರಿ ಹೋಯ್ತು, ದಲಿತ ವಿದ್ಯಾರ್ಥಿಗಳು ಏಟು ತಿಂದ್ರು. ಆ ಕಿಚ್ಚಲ್ಲೇ ನಮ್ಮ ಚಳವಳಿ ಬೆಳೀತು. ಇದೂ ಈ ಊರಿನ ಚರಿತ್ರೆಯೇ ತಾನೆ?

ಬುದ್ಧನ ವಿಷಯದಲ್ಲೂ ಇದೇ ಕತೆ. ಬೈಲಕುಪ್ಪೆ ಬುದ್ಧನ ಜೊತೆ ಸೆಲ್ಫಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಒಪ್ಪಿಕೊಂಡ ಬುದ್ಧ ಅಂದ್ರೆ ಮಾತ್ರ 'ಅದೆಲ್ಲ ರಾಜಕೀಯ ಬಿಡ್ರಿ'.

ಹೆರಿಟೇಜ್ ವಾಕ್ ಮಾಡೋ ಗೆಳೆಯರೇ, ಪ್ರವಾಸೋದ್ಯಮ ಇಲಾಖೆಯವರೇ, ಮುಂದಿನ ಪಟ್ಟೀಲಿ ಅಶೋಕಪುರ ಸೇರಿಸಿ. ಅಂಬೇಡ್ಕರ್ ಪಾರ್ಕ್ ತೋರಿಸಿ, ಚಳವಳಿಯ ಕತೆ ಹೇಳಿಸಿ. ಆದ್ರೆ ನಮ್ಮನ್ನ ಪ್ರದರ್ಶನಕ್ಕೆ ಇಡಬೇಡಿ. ನಮ್ಮ ಪಕ್ಕ ಕೂತು, ನಮ್ಮ ಪಾತ್ರೆಯಿಂದಲೇ ಮುದ್ದೆ, ಬಾಡಿನ ಸಾರು ಬಡಿಸ್ಕೊಂಡು ಉಣ್ಣಿ. ಅಷ್ಟಾದ ಮೇಲೆ ಬೇರೆಯವರ ಕಲ್ಚರ್ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡೋಣ.

ಜೈ ಭೀಮ್.