ರಾಡ್ ಯಾರು ಬಗ್ಗಿಸಿದರು ಅಂತ ಕೇಳುವ ಮೊದಲು ಟೇಪ್ ಹಿಡಿಯಿರಿ

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಗೆ ನಾವು ಹೋಗಿದ್ದು ಬಿತ್ತನೆ ಸುದ್ದಿ ಮಾಡಲು. ನೋಡಿದ್ದು ಒಂದು ಜಗಳ. ಟ್ರ್ಯಾಕ್ಟರ್ ಮುಂದೆ ಮಾಲಕರು, ಡ್ರೈವರ್, ಸುತ್ತ ಹತ್ತು ಜನ.

"ಸ್ಟೇರಿಂಗ್ ನೆಟ್ಟಗ ನಿಲ್ಲವಲ್ದು. ಡಾಂಬರ್ ಮ್ಯಾಲ ಅತ್ತಿತ್ತ ಹೊಯ್ದಾಡಾಕತ್ತೈತಿ. ಎಲ್ಲಿ ಬಡಿಸಿದಿ ಹೇಳು?"

"ನಾ ಎಲ್ಲೂ ಬಡಿಸಿಲ್ರಿ ಸಾವ್ಕಾರ್ರ. ಬಂದು ಎಂಟು ದಿನ ಆತು, ಅಷ್ಟ."

ರಿಪೇರಿ ಖರ್ಚು ಡ್ರೈವರ್ ಪಗಾರದಲ್ಲಿ ಮುರಿಯುವ ಮಾತೂ ಬಂತು. ಅಷ್ಟರಲ್ಲಿ ವಯಸ್ಸಾದ ಮಿಸ್ತ್ರಿಯೊಬ್ಬರು ಬಂದರು. ಯಾರನ್ನೂ ಏನೂ ಕೇಳಲಿಲ್ಲ. ಬಗ್ಗಿ ಟೈ ರಾಡ್ ನೋಡಿದರು, ಮುಂದಿನ ಗಾಲಿಗಳ ಮೇಲೆ ಕೈ ಆಡಿಸಿದರು. ರಾಡ್ ಬಾಗಿತ್ತು. ಆದರೆ ಪೆಟ್ಟು ಬಿದ್ದ ಜಾಗದಲ್ಲಿ ತುಕ್ಕು, ಅದರ ಮೇಲೆ ಗ್ರೀಸು ಮಣ್ಣು ಸೇರಿ ಗಟ್ಟಿಯಾಗಿ ಕೂತಿತ್ತು. ಎರಡೂ ಮುಂದಿನ ಟೈರುಗಳ ಒಳಗಿನ ಅಂಚು ಸವೆದು ನುಣ್ಣಗಾಗಿತ್ತು. "ಟೈರ್ ಎಂಟು ದಿನದಾಗ ಹಿಂಗ ಸವಿಯೂದಿಲ್ಲ, ಅಣ್ಣಾರ. ಇದು ಹಳೇ ಪೆಟ್ಟು" ಅಂದರು. ಜಗಳ ಅಲ್ಲಿಗೇ ನಿಂತಿತು.

ಅವತ್ತಿನಿಂದ ನಮಗೆ ಅನ್ನಿಸಿದ್ದು ಇಷ್ಟು: ನಮ್ಮೂರುಗಳಲ್ಲಿ ಬಾಗಿದ ರಾಡಿಗಿಂತ ಮುಚ್ಚಿಟ್ಟ ರಾಡ್ ಹೆಚ್ಚು ಅಪಾಯ.

ಹೊಲದಲ್ಲಿ ಓಡುವ ಗಾಡಿಗೆ ಪೆಟ್ಟು ತಪ್ಪಿದ್ದಲ್ಲ. ಬದು ದಾಟುವಾಗ, ಹುಲ್ಲಿನಲ್ಲಿ ಮುಚ್ಚಿದ ಕಲ್ಲಿಗೆ, ಕಡಿದ ಮರದ ಬೊಡ್ಡೆಗೆ ಮುಂದಿನ ಗಾಲಿ ಬಡಿಯುತ್ತದೆ. ಎರಡೂ ಮುಂದಿನ ಗಾಲಿಗಳನ್ನು ಒಂದಕ್ಕೊಂದು ಜೋಡಿಸಿ ಹಿಡಿದಿರುವುದು ಟೈ ರಾಡ್. ಅದು ಬಾಗಿದರೆ ಎರಡು ತುದಿಗಳ ನಡುವಿನ ಅಂತರ ಕಡಿಮೆಯಾಗುತ್ತದೆ, ಗಾಲಿಗಳು ತಮ್ಮ ದಿಕ್ಕು ಬಿಡುತ್ತವೆ. ರಾಡ್ ಆಕ್ಸಲ್ ಹಿಂದೆ ಇದ್ದರೆ ಗಾಲಿಗಳ ಮುಂಭಾಗ ಹೊರಕ್ಕೆ ಅಗಲುತ್ತದೆ, ಟೈರಿನ ಒಳ ಅಂಚು ಸವೆಯುತ್ತದೆ. ಆಕ್ಸಲ್ ಮುಂದೆ ಇದ್ದರೆ ಇದೆಲ್ಲ ತಿರುವುಮುರುವು.

ಪತ್ತೆ ಮಾಡಲು ದೊಡ್ಡ ಯಂತ್ರ ಬೇಡ. ಟೇಪು, ದಾರ, ಚಾಕ್‌ಪೀಸ್ ಸಾಕು.

ಮೊದಲು ಸಮತಟ್ಟು ಜಾಗದಲ್ಲಿ ಗಾಲಿ ನೆಟ್ಟಗೆ ಮಾಡಿ ನಿಲ್ಲಿಸಿ. ಟೈರುಗಳಲ್ಲಿ ಗಾಳಿ ಸಮ ಇರಲಿ. ಎಂಜಿನ್ ಬಂದ್ ಮಾಡಿ, ಬ್ರೇಕ್ ಹಾಕಿ, ಹಿಂದಿನ ಗಾಲಿಗೆ ಕಲ್ಲು ಕೊಡಿ. ರಾಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಬಿಗಿಯಾಗಿ ಹಿಡಿಯಿರಿ. ಒಮ್ಮೆ ಮೇಲಿನಿಂದ, ಒಮ್ಮೆ ಪಕ್ಕದಿಂದ ನೋಡಿ. ನಡುವೆ ಸಂದಿ ಕಂಡರೆ ಅಥವಾ ರಾಡೇ ದಾರವನ್ನು ತಳ್ಳಿದರೆ ಬಾಗಿದೆ ಎಂದರ್ಥ. ಆದರೆ ಕೆಲವು ಮಾಡೆಲ್‌ಗಳಲ್ಲಿ ಕಂಪನಿಯೇ ರಾಡನ್ನು ಬಾಗಿಸಿ ಮಾಡಿರುತ್ತದೆ. ಅನುಮಾನ ಬಂದರೆ ಊರಲ್ಲಿ ಅದೇ ಮಾಡೆಲಿನ ಇನ್ನೊಂದು ಟ್ರ್ಯಾಕ್ಟರ್ ಪಕ್ಕ ನಿಲ್ಲಿಸಿ ಹೋಲಿಸಿ.

ಆಮೇಲೆ ಗಾಲಿಯ ಅಳತೆ. ಕಲ್ಲು ತೆಗೆಯುವ ಮೊದಲು, ಎರಡೂ ಮುಂದಿನ ಟೈರುಗಳ ಮುಂಭಾಗದಲ್ಲಿ, ಹಬ್ಬಿನ ಎತ್ತರಕ್ಕೆ, ನಟ್ಟನಡುವೆ ಚಾಕ್ ಗುರುತು ಹಾಕಿ, ಅವುಗಳ ಅಂತರ ಅಳೆಯಿರಿ. ಕಲ್ಲು ತೆಗೆದು ಟ್ರ್ಯಾಕ್ಟರ್ ನಿಧಾನ ಮುಂದೆ ಬಿಡಿ. ಅವೇ ಗುರುತು ಅರ್ಧ ಸುತ್ತು ತಿರುಗಿ ಹಿಂಭಾಗದಲ್ಲಿ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಸಾಮಾನ್ಯವಾಗಿ ಮುಂದಿನ ಅಳತೆ ಹಿಂದಿನದಕ್ಕಿಂತ ಕೆಲವೇ ಮಿಲಿಮೀಟರ್ ಕಡಿಮೆ ಇರಬೇಕು. ನಿಮ್ಮ ಗಾಡಿಗೆ ಎಷ್ಟು ಅಂತ ಅದರ ಪುಸ್ತಕದಲ್ಲಿ ಬರೆದಿರುತ್ತದೆ.

ಮೂರನೆಯದು, ಎರಡೂ ಬದಿಯಲ್ಲಿ ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಅಳೆಯಿರಿ. ಒಂದು ಕಡೆ ಕಡಿಮೆ ಬಂದರೆ ಪೆಟ್ಟು ರಾಡಿಗಷ್ಟೇ ಅಲ್ಲ, ಆಕ್ಸಲ್‌ಗೂ ಬಿದ್ದಿರಬಹುದು. ಆಗ ರಾಡ್ ಬದಲಿಸಿದರೂ ಕಾಟ ತಪ್ಪುವುದಿಲ್ಲ.

ಕೊನೆಗೆ ಒಬ್ಬರು ಸ್ಟೇರಿಂಗ್ ಸ್ವಲ್ಪ ಸ್ವಲ್ಪ ಅತ್ತಿತ್ತ ಆಡಿಸಲಿ, ಇನ್ನೊಬ್ಬರು ಪ್ರತಿ ಜಾಯಿಂಟ್ ನೋಡಲಿ. ರಾಡ್ ಅಲುಗುವ ಮೊದಲು ಜಾಯಿಂಟ್ ತಾನೇ ಆಡಿದರೆ ಅದು ಸವೆತ, ಬಾಗಿದ್ದಲ್ಲ. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇರುತ್ತದೆ. ಆಗ ಕೈ ಹಾಕಬೇಡಿ, ದೂರದಿಂದ ಕಣ್ಣಲ್ಲೇ ನೋಡಿ.

ಇಲ್ಲಿ ನಮ್ಮ ತಕರಾರು ಇದೆ. ರಾಡ್ ಬಾಗಿದ್ದು ಗೊತ್ತಾದ ಮೇಲೂ "ಸೆಟ್ ಮಾಡಿ ಬಿಡ್ರಿ" ಅನ್ನುವವರು ಬಹಳ. ಆಟೆ ತಿರುಗಿಸಿ ಉದ್ದ ಮಾಡಿದರೆ ಗಾಲಿ ನೆಟ್ಟಗೆ ಕಾಣುತ್ತದೆ, ನಿಜ. ಆದರೆ ಆಟೆಯ ಹಿಡಿತ ಕಡಿಮೆಯಾಗುತ್ತದೆ, ಬಾಗು ಹಾಗೇ ಉಳಿಯುತ್ತದೆ. ಜೋಳದ ದಂಟನ್ನು ಎರಡೂ ತುದಿಯಿಂದ ಒತ್ತಿ ನೋಡಿ. ನೆಟ್ಟಗಿದ್ದದ್ದು ತಡೆಯುತ್ತದೆ, ಬಾಗಿದ್ದು ಅಲ್ಲೇ ಮಡಚುತ್ತದೆ. ರಾಡಿನ ಕಥೆಯೂ ಅಷ್ಟೇ. ಕಾಯಿಸಿ ಬಡಿದು ನೆಟ್ಟಗೆ ಮಾಡಿದರೆ ಉಕ್ಕಿನ ಕಸುವು ಹೋಗುತ್ತದೆ, ಕಣ್ಣಿಗೆ ಕಾಣದ ಬಿರುಕು ಉಳಿಯಬಹುದು. ಹೊಲದಲ್ಲಿ ಮುರಿದರೆ ಅರ್ಧ ದಿನ ಹೋದೀತು. ಕಬ್ಬು ತುಂಬಿದ ಟ್ರೇಲರ್ ಎಳೆಯುವಾಗ, ಇಲ್ಲವೇ ಜಾತ್ರೆಗೆ ಜನ ಕೂತು ಹೋಗುವಾಗ ಮುರಿದರೆ? ಬಾಗಿದ ರಾಡ್ ಬದಲಿಸಲೇಬೇಕು. ಹೊಸದು ಹಾಕುವಾಗ ಕಾಟರ್ ಪಿನ್ನೂ ಹೊಸದಿರಲಿ, ಲಾಕ್ ನಟ್ ಬಿಗಿ ಇರಲಿ.

ಮಾಲಕರಿಗೆ ಒಂದು ಮಾತು. ಪೆಟ್ಟು ಬಿದ್ದದ್ದನ್ನು ಹೇಳಿದ ಡ್ರೈವರನ ಪಗಾರ ಮುರಿದರೆ ಮುಂದಿನ ಸಲ ಅವನು ಹೇಳುವುದಿಲ್ಲ. ಅವನು ಹೇಳದ ರಾಡ್ ಮೇಲೆ ನಾಳೆ ನಿಮ್ಮ ಮಗನೇ ಕೂತು ಗಾಡಿ ಹೊಡೆಯಬಹುದು. ಡ್ರೈವರ್ ಅಣ್ಣಂದಿರೇ, ನೀವೂ ಕೆಲಸಕ್ಕೆ ಸೇರಿದ ಮೊದಲ ದಿನವೇ ಈ ಅಳತೆ ಹಾಕಿ, ಮಾಲಕರ ಎದುರೇ ನೋಟ್‌ಬುಕ್ಕಿನಲ್ಲಿ ಬರೆದು, ಮೊಬೈಲಲ್ಲಿ ಫೋಟೋ ತೆಗೆದಿಡಿ.

ಬಾಡಿಗೆ ಗಾಡಿಗೂ ಇದೇ ನಿಯಮ ಬೇಕು. 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ರೈತರು ಯಂತ್ರ ಬಾಡಿಗೆಗೆ ಒಯ್ಯುತ್ತಾರೆ. ಕೊಡುವಾಗ ಒಮ್ಮೆ, ತರುವಾಗ ಒಮ್ಮೆ ಇಬ್ಬರೂ ನಿಂತು ಅಳೆದರೆ ಯಾರ ಮೇಲೂ ಸುಮ್ಮನೆ ಅಪವಾದ ಬರುವುದಿಲ್ಲ. ಧಾರವಾಡದ ಕೃಷಿ ಮೇಳದಲ್ಲಿ ಹೊಸ ಯಂತ್ರಗಳ ಸಾಲು ನೋಡಲು ನಾವೆಲ್ಲ ಹೋಗುತ್ತೇವೆ. ಅಲ್ಲೇ ಒಂದು ಹಳೇ ಟ್ರ್ಯಾಕ್ಟರ್ ನಿಲ್ಲಿಸಿ, ದಾರ ಟೇಪು ಹಿಡಿದು ಇದನ್ನು ತೋರಿಸುವ ಒಂದು ಮಳಿಗೆಯೂ ಇರಲಿ ಎಂಬುದು ನಮ್ಮ ಬೇಡಿಕೆ.

ಈ ವಾರ ನಿಮ್ಮ ಗಾಡಿ ಒಮ್ಮೆ ಅಳೆದು ನೋಡಿ. ಬಾಗಿದ್ದು ಸಿಕ್ಕರೆ ಮೊದಲು ರಾಡ್ ಬದಲಿಸಿ. ಯಾರು ಬಗ್ಗಿಸಿದರು ಅನ್ನುವುದನ್ನು ಆಮೇಲೆ ಕುಂತು ಮಾತಾಡೋಣ.