ರೋಗಾಣುವಿನ ಗೋಡೆಯೂ ನಮ್ಮ ವಿವೇಕವೂ

ಕೋಲಿನಾಕಾರದ ಅನೇಕ ಬ್ಯಾಕ್ಟೀರಿಯಾಗಳ ರೂಪವನ್ನು ಕಾಯುವುದು ಎಂಆರ್‌ಇಬಿ ಎಂಬ ಪ್ರೋಟೀನು. ಅದು ಎಳೆಗಳಾಗಿ ಪೊರೆಯ ಒಳಬದಿಗೆ ಅಂಟಿಕೊಂಡು, ಕೋಶಭಿತ್ತಿ ಎಲ್ಲಿ ಬೆಳೆಯಬೇಕೆಂಬುದನ್ನು ನಿರ್ದೇಶಿಸುತ್ತದೆ; ಅದಿಲ್ಲವಾದರೆ ಕೋಲು ಗುಂಡಾಗುತ್ತದೆ. 2001ರಲ್ಲಿ ಕೇಂಬ್ರಿಡ್ಜಿನ ವಿಜ್ಞಾನಿಗಳು ಅದರ ರಚನೆಯನ್ನು ಬಿಡಿಸಿದಾಗ, ಅದು ನಮ್ಮ ಸ್ನಾಯುಗಳಲ್ಲಿರುವ ಆಕ್ಟಿನ್ ಪ್ರೋಟೀನನ್ನೇ ಹೋಲುತ್ತಿತ್ತು.

ಇಷ್ಟು ಸಾಮ್ಯವಿದ್ದರೂ ನಮ್ಮ ಜೀವಕೋಶಗಳಿಗೆ ಆ ಭಿತ್ತಿಯಿಲ್ಲ. ಪೆನಿಸಿಲಿನ್ ಭಿತ್ತಿಯ ನಿರ್ಮಾಣವನ್ನೇ ಕೆಡಿಸುವುದರಿಂದ ರೋಗಾಣು ಅಳಿಯುತ್ತದೆ, ನಮ್ಮ ಕೋಶ ಉಳಿಯುತ್ತದೆ. ನೆಗಡಿಯ ವೈರಸ್ಸಿಗೂ ಭಿತ್ತಿಯಿಲ್ಲ. ಅಲ್ಲಿ ಈ ಔಷಧ ನಿಷ್ಫಲ. ಅನಗತ್ಯವಾಗಿ ಸೇವಿಸಿದರೆ ಔಷಧಕ್ಕೆ ಮಣಿಯದ ರೋಗಾಣುಗಳು ಬೆಳೆಯುತ್ತವೆ.

ಆದುದರಿಂದ ಸದ್ಭಕ್ತರು ವೈದ್ಯರ ಸಲಹೆಯಿಲ್ಲದೆ ಆಂಟಿಬಯೋಟಿಕ್ ಸೇವಿಸಬಾರದು. ಆಯುರ್ವೇದ ವೈದ್ಯರಾದ ನಾವೂ ಈ ಅರಿವನ್ನು ಪರಕೀಯವೆಂದು ದೂರವಿಡಲಾಗದು. ರೋಗಿಯ ಹಿತಕ್ಕೆ ಒದಗುವ ಜ್ಞಾನವೆಲ್ಲವೂ ವೈದ್ಯನದೇ.